ಹಲ್ಲಿನ ನೆರಳು

ಹುಳುಕು ಹಲ್ಲು ಎಂಬ ನಮ್ಮ ಮಾತಿನಲ್ಲಿಯೇ ಒಂದು ಹುಳು ಅಡಗಿ ಕುಳಿತಿದೆ. ಹಲ್ಲನ್ನು ಹುಳು ತಿನ್ನುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ಅವರಷ್ಟೇ ಅಲ್ಲ, ಪ್ರಾಚೀನ ಬ್ಯಾಬಿಲೋನಿಯದವರೂ ಹಾಗೆಯೇ ನಂಬಿ, ಆ ಹುಳುವನ್ನು ಓಡಿಸಲು ಮಂತ್ರ ಕಟ್ಟಿದ್ದರು. ಹುಳುವನ್ನು ಕಂಡವರು ಯಾರೂ ಇರಲಿಲ್ಲ. ಕಾಣದಿದ್ದುದರಿಂದಲೇ ನಂಬಿಕೆ ಅಷ್ಟು ದೀರ್ಘಕಾಲ ಬಾಳಿತೆಂದು ತೋರುತ್ತದೆ. ಹಲ್ಲಿನ ವ್ಯವಹಾರವೆಲ್ಲ ಮರೆಯಲ್ಲಿ ನಡೆಯುವಂಥದು. ಬೇರು ದವಡೆಯ ಎಲುಬಿನಲ್ಲಿ ಹೂತಿರುತ್ತದೆ. ಎರಡು ಹಲ್ಲುಗಳು ಒಂದನ್ನೊಂದು ತಾಗುವ ಸಂದಿನಲ್ಲಿ ಹುಳುಕು ತೊಡಗಿದರೆ ಕನ್ನಡಿಗೂ ಕಾಣದು, ವೈದ್ಯರ ಸಲಾಕಿಗೂ ಸುಲಭವಾಗಿ ಸಿಕ್ಕದು. ಬೇರಿನ ತುದಿಯಲ್ಲಿ ಕೀವು ಕಟ್ಟಿಕೊಂಡರೆ ನೋವು ಮಾತ್ರ ಮೇಲೆ ಬರುತ್ತದೆ, ಅದರ ವಿಳಾಸ ತಿಳಿಯುವುದಿಲ್ಲ. ಈ ಮರೆ ಸರಿದದ್ದು 1896ರಲ್ಲಿ. ಸರಿಸಿದವರು ಅದಕ್ಕೆ ತೆತ್ತ ಬೆಲೆಯ ಕಥೆ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈಚೆಗೆ ನನ್ನ ಕೆಳದವಡೆಯ ಹಲ್ಲೊಂದು ತೊಂದರೆ ಕೊಡತೊಡಗಿ ದಂತವೈದ್ಯರ ಬಳಿಗೆ ಹೋಗಬೇಕಾಯಿತು. ಅವರು ತಂತಿ ಜೋಡಿಸಿದ ಪುಟ್ಟ ಬಿಲ್ಲೆಯೊಂದನ್ನು ನನ್ನ ಬಾಯೊಳಗೆ ಹಿಡಿಕೆಯ ಮೇಲೆ ನಿಲ್ಲಿಸಿ, ಕೆನ್ನೆಯ ಹೊರಗೆ ಯಂತ್ರದ ಮೂತಿಯನ್ನು ಹೊಂದಿಸಿ, ಗೋಡೆಯಾಚೆ ಸರಿದು ಗುಂಡಿ ಒತ್ತಿದರು. ಒಂದು ಕಿರಿದಾದ ಸದ್ದು. ನಾನು ಬಾಯಿ ಮುಚ್ಚುವ ಮೊದಲೇ ಪರದೆಯ ಮೇಲೆ ನನ್ನ ಹಲ್ಲು ಬೇರುಸಹಿತ ನಿಂತಿತ್ತು. ಸುಮಾರು ಮೂವತ್ತು ವರ್ಷಗಳ ಹಿಂದೆ ಇದೇ ಕೆಲಸಕ್ಕೆ ಹೋದಾಗ ಫಿಲ್ಮಿನ ಚೂರೊಂದನ್ನು ನಾನೇ ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದೆ. ಅದನ್ನು ಕತ್ತಲಕೋಣೆಯಲ್ಲಿ ತೊಳೆದು, ಕ್ಲಿಪ್ಪಿಗೆ ಸಿಕ್ಕಿಸಿ, ನೀರು ತೊಟ್ಟಿಕ್ಕುತ್ತಿರುವಂತೆಯೇ ತಂದು ಬೆಳಕಿಗೆ ಹಿಡಿದು ನೋಡಿದ್ದರು. ಈ ಎರಡು ಭೇಟಿಗಳ ನಡುವೆ ಏನಾಯಿತೆಂಬ ಕುತೂಹಲ ನನ್ನನ್ನು ಮೂಲದವರೆಗೂ ಕರೆದೊಯ್ದಿತು. ಚಿತ್ರದ ವಿಷಯವನ್ನು ರೇಡಿಯೋದಲ್ಲಿ ಮಾತಿನಿಂದ ಹೇಳಹೊರಡುವುದು ಸ್ವಲ್ಪ ಸಾಹಸವೇ. ಶ್ರೋತೃಗಳು ಕಲ್ಪನೆಯಿಂದ ತುಂಬಿಕೊಳ್ಳಬೇಕು.

1895ರ ನವೆಂಬರ್ 8ರಂದು ಜರ್ಮನಿಯ ವುರ್ಟ್ಸ್‌ಬರ್ಗ್‌ನಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಂಬ ಪ್ರಾಧ್ಯಾಪಕ, ಕಪ್ಪು ರಟ್ಟಿನಿಂದ ಮುಚ್ಚಿದ ವಿದ್ಯುನ್ನಳಿಕೆಯೊಂದರಿಂದ ದೂರದಲ್ಲಿದ್ದ ಲೇಪದ ಪರದೆ ಮಿನುಗಿದ್ದನ್ನು ಕಂಡ. ಏನೋ ಒಂದು ರಟ್ಟನ್ನು ದಾಟಿ ಬರುತ್ತಿತ್ತು. ಅದರ ಸ್ವರೂಪ ತಿಳಿಯದ್ದರಿಂದ ಬೀಜಗಣಿತದ ಅಜ್ಞಾತರಾಶಿಯ ಅಕ್ಷರವನ್ನೇ ಅದಕ್ಕೆ ಹೆಸರಾಗಿಟ್ಟ. ನಾವು ಕನ್ನಡದಲ್ಲಿ ‘ಕ್ಷ-ಕಿರಣ’ ಎಂದೆವು. ಇದಕ್ಕಿಂತ ಒಳ್ಳೆಯ ಅನುವಾದ ಸಿಕ್ಕುವುದು ಕಷ್ಟ. ಪಠ್ಯಪುಸ್ತಕದಲ್ಲಿ ಅಭ್ಯಾಸವಾದ ಅಕ್ಷರ, ಮೂಲದ ದನಿಯನ್ನೂ ಅಷ್ಟಿಷ್ಟು ಹಿಡಿದಿದೆ, ಅದರ ಅಜ್ಞಾತತೆಯನ್ನೂ ಹಿಡಿದಿದೆ. ರಾಂಟ್‌ಜೆನ್ ಅದಕ್ಕೆ ಪೇಟೆಂಟ್ ಪಡೆಯಲಿಲ್ಲ. ಡಿಸೆಂಬರ್ 28ರಂದು ಪ್ರಬಂಧವನ್ನು ಒಪ್ಪಿಸಿದ. ಆ ಬಳಿಕ ಯಾರು ಬೇಕಾದರೂ ಪ್ರಯೋಗ ಮಾಡಬಹುದಾಗಿತ್ತು. ಮಾಡಿದರು ಕೂಡ.

ಕೆಲವೇ ವಾರಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್ ನಗರದ ದಂತವೈದ್ಯ ಆಟೊ ವಾಲ್ಕಾಫ್ ಗಾಜಿನ ಛಾಯಾಫಲಕದ ತುಂಡೊಂದನ್ನು ಕಪ್ಪು ಕಾಗದದಲ್ಲಿಯೂ ರಬ್ಬರಿನಲ್ಲಿಯೂ ಸುತ್ತಿ ತನ್ನ ಬಾಯೊಳಗೇ ಇಟ್ಟುಕೊಂಡ. ನೆರವಿಗೆ ನಿಂತವನು ಫ್ರಿಟ್ಜ್ ಗೀಸೆಲ್. ಕಿರಣಗಳನ್ನು 25 ನಿಮಿಷ ಹರಿಯಬಿಟ್ಟರು. ಅಷ್ಟು ಹೊತ್ತೂ ವಾಲ್ಕಾಫ್ ಅಲುಗಾಡದೆ ಇರಬೇಕಾಗಿತ್ತು. ಫಲವಾಗಿ ದೊರೆತದ್ದು ಹಲ್ಲುಗಳ ಮಂದವಾದ ನೆರಳು.

ನೆರಳು ಎಂಬ ಮಾತನ್ನು ನಾನು ಅಲಂಕಾರಕ್ಕಾಗಿ ಬಳಸುತ್ತಿಲ್ಲ. ಕ್ಷ-ಕಿರಣದ ಚಿತ್ರವೆಂದರೆ ನೆರಳೇ. ಕೆನ್ನೆಯ ಮಾಂಸವನ್ನು ಈ ಕಿರಣಗಳು ಬಹುಮಟ್ಟಿಗೆ ತಡೆಯಿಲ್ಲದೆ ದಾಟುತ್ತವೆ. ಸುಣ್ಣದಂಶ ತುಂಬಿದ ಎಲುಬು, ಹಲ್ಲುಗಳು ಹೆಚ್ಚು ತಡೆಯುತ್ತವೆ. ಲೋಹವಂತೂ ಸಂಪೂರ್ಣ ತಡೆಯುತ್ತದೆ. ದಾಟಿ ಬಂದ ಕಿರಣ ಫಲಕವನ್ನು ಕಪ್ಪಾಗಿಸುತ್ತದೆ, ತಡೆದ ಕಡೆ ಬೆಳ್ಳಗೆ ಉಳಿಯುತ್ತದೆ. ಹುಳುಕು ಹಿಡಿದು ಸುಣ್ಣದಂಶ ಕರಗಿದ ಜಾಗ ಹಲ್ಲಿನ ಬಿಳುಪಿನ ನಡುವೆ ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಆದರೆ ನೆರಳಿಗೆ ಆಳವಿಲ್ಲ. ಮುಂದಿನ ಬೇರೂ ಹಿಂದಿನ ಬೇರೂ ಒಂದರ ಮೇಲೊಂದು ಬಿದ್ದು ಒಂದೇ ಆಗಿ ತೋರಬಹುದು. ಆದ್ದರಿಂದ ಬಲ್ಲ ವೈದ್ಯರು ಕೋನ ಬದಲಿಸಿ ಎರಡನೆಯ ಚಿತ್ರ ತೆಗೆಯುತ್ತಾರೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಎಡ್ಮಂಡ್ ಕೆಲ್ಸ್ ಎಂಬ ದಂತವೈದ್ಯರಿದ್ದರು. 1856ರಲ್ಲಿ ಹುಟ್ಟಿದವರು, ಹೊಸ ಉಪಕರಣಗಳೆಂದರೆ ಪ್ರಾಣ. 1896ರಲ್ಲಿಯೇ ಅವರು ಯಂತ್ರ ತರಿಸಿ, ಜೀವಂತ ರೋಗಿಗಳ ಹಲ್ಲಿನ ಚಿತ್ರ ತೆಗೆದರು. 1899ರಲ್ಲಿ ಅವರಿಗೆ ಹೊಳೆದ ಉಪಾಯ ಇಂದಿಗೂ ನಿತ್ಯ ಬಳಕೆಯಲ್ಲಿದೆ. ಮುಂಬಲ್ಲೊಂದರ ಬೇರಿನ ನಾಳವನ್ನು ತುಂಬಬೇಕಾಗಿತ್ತು. ನಾಳ ಎಲ್ಲಿ ಮುಗಿಯುತ್ತದೆ? ಕೈಗೆ ತಿಳಿಯದು. ಕಡಿಮೆ ತುಂಬಿದರೆ ಒಳಗೆ ಕೊಳೆ ಉಳಿಯುತ್ತದೆ, ಹೆಚ್ಚು ತುಂಬಿದರೆ ತುದಿ ದಾಟಿ ಎಲುಬಿಗೆ ಚುಚ್ಚುತ್ತದೆ. ಕೆಲ್ಸ್ ನಾಳದೊಳಕ್ಕೆ ಸೀಸದ ತಂತಿಯೊಂದನ್ನು ಇಳಿಸಿ ಚಿತ್ರ ತೆಗೆದರು. ತಂತಿ ತುದಿಯನ್ನು ಮುಟ್ಟಿದೆಯೆ ಇಲ್ಲವೆ ಎಂಬುದು ಕಣ್ಣೆದುರಿಗೆ ಬಂತು. ಅಲ್ಲಿಯವರೆಗೆ ಊಹೆಯ ಮೇಲೆ ನಡೆಯುತ್ತಿದ್ದ ಚಿಕಿತ್ಸೆಗೆ ಅಳತೆ ದೊರೆಯಿತು. ಇಂದು ‘ರೂಟ್ ಕೆನಾಲ್’ ಎಂದು ಊರೂರಿನಲ್ಲಿ ಹೆಸರಾಗಿರುವ ಚಿಕಿತ್ಸೆಯಲ್ಲಿ ಸೀಸದ ತಂತಿಯ ಬದಲು ಉಕ್ಕಿನ ಸೂಕ್ಷ್ಮ ಅರ ಇರುತ್ತದೆ. ಉಪಾಯ ಕೆಲ್ಸ್ ಅವರದೇ.

ಆ ಕಾಲದ ನಳಿಕೆಗಳು ನಂಬಿಕೆಗೆ ಅರ್ಹವಾಗಿರಲಿಲ್ಲ. ಒಳಗೆ ಉಳಿದಿರುತ್ತಿದ್ದ ಅನಿಲದ ಪ್ರಮಾಣ ಏರುಪೇರಾದಂತೆ ಕಿರಣದ ಬಲವೂ ಏರುಪೇರಾಗುತ್ತಿತ್ತು. ಇವತ್ತು ನಳಿಕೆ ಹದವಾಗಿದೆಯೆ ಎಂದು ತಿಳಿಯಲು ಸುಲಭವಾದ ಮಾರ್ಗ ಒಂದೇ: ನಳಿಕೆಗೂ ಮಿನುಗುವ ಪರದೆಗೂ ನಡುವೆ ತನ್ನ ಕೈಯನ್ನೇ ಹಿಡಿದು, ಎಲುಬುಗಳು ಸ್ಪಷ್ಟವಾಗಿ ಕಾಣುವವರೆಗೆ ಸರಿಪಡಿಸುವುದು. ಕೆಲ್ಸ್ ವರ್ಷಗಟ್ಟಲೆ ಹೀಗೆಯೇ ಮಾಡಿದರು. ಅಡಿಗೆಯವನು ಸಾರಿನ ಹದ ನೋಡಲು ಸೌಟಿನಿಂದ ಅಂಗೈಗೆ ಹಾಕಿಕೊಳ್ಳುವಂತೆ ಸಹಜವಾದ ಅಭ್ಯಾಸ. ಆದರೆ ಸಾರು ಬಿಸಿಯಾಗಿದ್ದರೆ ಕೈಗೆ ಕೂಡಲೇ ತಿಳಿಯುತ್ತದೆ. ಕ್ಷ-ಕಿರಣ ಆಗ ಏನನ್ನೂ ತಿಳಿಸುವುದಿಲ್ಲ. ವರ್ಷಗಳ ಮೇಲೆ ಲೆಕ್ಕ ಕೇಳುತ್ತದೆ. ಕೆಲ್ಸ್ ಅವರ ಬೆರಳುಗಳಲ್ಲಿ ಹುಣ್ಣುಗಳೆದ್ದು ಕ್ಯಾನ್ಸರಿಗೆ ತಿರುಗಿದವು. ಮೊದಲು ಬೆರಳುಗಳು, ಅನಂತರ ಕೈ, ಕೊನೆಗೆ ತೋಳು, ಒಂದೊಂದಾಗಿ ಹೋದವು. ಶಸ್ತ್ರಕ್ರಿಯೆಯ ಮೇಲೆ ಶಸ್ತ್ರಕ್ರಿಯೆ. ನೋವನ್ನು ತಾಳಲಾರದೆ 1928ರಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು.

ಎಚ್ಚರಿಸುವವರು ಇರಲಿಲ್ಲವೆ? ಇದ್ದರು, ಅದೂ ಅದೇ ವೃತ್ತಿಯವರು. ಬೋಸ್ಟನ್ನಿನ ದಂತವೈದ್ಯ ವಿಲಿಯಂ ರಾಲಿನ್ಸ್ 1898ರಲ್ಲಿ ತನ್ನ ಕೈಯನ್ನೇ ಸುಟ್ಟುಕೊಂಡು ಜಾಗೃತರಾದವರು. ಸುಟ್ಟದ್ದು ಕಿರಣವಲ್ಲ, ಯಂತ್ರದ ಸುತ್ತಣ ವಿದ್ಯುತ್ತು ಎಂದು ಅನೇಕರು ವಾದಿಸುತ್ತಿದ್ದರು. ರಾಲಿನ್ಸ್ ಗಿನಿಯಿಲಿಗಳನ್ನು ವಿದ್ಯುತ್ತು ತಾಗದಂತೆ ಮರೆಮಾಡಿ ಕಿರಣಕ್ಕೆ ಮಾತ್ರ ಒಡ್ಡಿದರು. ಅವು ಸತ್ತವು. 1901ರಲ್ಲಿ ಇದನ್ನು ಪ್ರಕಟಿಸಿ, ನಳಿಕೆಯನ್ನು ಸೀಸದ ಕವಚದೊಳಗಿಡಿ, ಬೇಕಾದಷ್ಟು ಜಾಗಕ್ಕೆ ಮಾತ್ರ ಕಿರಣ ಬೀಳುವಂತೆ ಮಾಡಿ, ನೋಡುವವರು ಸೀಸದ ಗಾಜಿನ ಕನ್ನಡಕ ಧರಿಸಿ ಎಂದು ಬರೆದರು. ಇಂದು ನಿಯಮವಾಗಿರುವ ಮಾತುಗಳೇ ಇವು. ಅಂದು ಕೇಳಿದವರು ವಿರಳ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಈ ಭಾಗ. ಕೆಲ್ಸ್ ಮುಂತಾದವರು ಅಜ್ಞಾನದಿಂದ ನಾಶವಾದರೆಂದು ಸಾಮಾನ್ಯವಾಗಿ ಹೇಳುತ್ತೇವೆ. ಜ್ಞಾನ 1901ರಲ್ಲಿಯೇ ಅಚ್ಚಾಗಿತ್ತು. 1936ರಲ್ಲಿ ಹ್ಯಾಂಬರ್ಗ್ ನಗರದ ಆಸ್ಪತ್ರೆಯ ಆವರಣದಲ್ಲಿ, ಈ ಕಿರಣಗಳಿಗೆ ಬಲಿಯಾದವರ ಹೆಸರು ಕೊರೆದ ಸ್ಮಾರಕವೊಂದನ್ನು ನಿಲ್ಲಿಸಿದರು. ನೂರಕ್ಕೂ ಹೆಚ್ಚು ಹೆಸರುಗಳು.

ಮುಂದಿನ ದಶಕಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1913ರಲ್ಲಿ ವಿಲಿಯಂ ಕೂಲಿಡ್ಜ್ ಬಿಸಿಯಾದ ಟಂಗ್‌ಸ್ಟನ್ ತಂತಿಯ ನಳಿಕೆಯನ್ನು ನಿರ್ಮಿಸಿದ. ಕಿರಣ ಹೇಳಿದಂತೆ ಕೇಳತೊಡಗಿತು, ಕೈಯಿಂದ ಹದ ನೋಡುವ ಅಗತ್ಯ ತಪ್ಪಿತು. ಅದೇ ವರ್ಷ ಹಲ್ಲಿಗೆಂದೇ ಸುತ್ತಿದ ಫಿಲ್ಮ್ ಮಾರುಕಟ್ಟೆಗೆ ಬಂತು. ಫಿಲ್ಮು ವರ್ಷದಿಂದ ವರ್ಷಕ್ಕೆ ಚುರುಕಾಗಿ, ನಿಮಿಷಗಳು ಸೆಕೆಂಡುಗಳಾದವು, ಸೆಕೆಂಡು ಅರೆಸೆಕೆಂಡಾಯಿತು. ಹಲ್ಲಿನ ಕ್ಷ-ಕಿರಣದ ಚರಿತ್ರೆಯೆಂದರೆ ಬಹುಮಟ್ಟಿಗೆ ವೇಳೆಯನ್ನು ಕುಗ್ಗಿಸಿದ ಚರಿತ್ರೆ. ಆದರೆ ಫಿಲ್ಮಿಗೆ ಕತ್ತಲಕೋಣೆ ಬೇಕು, ರಾಸಾಯನಿಕ ಬೇಕು. ಬೇರಿನ ಚಿಕಿತ್ಸೆಯಲ್ಲಿ ಅರವನ್ನು ಹಲ್ಲಿನಲ್ಲಿಯೇ ಬಿಟ್ಟು, ಫಿಲ್ಮು ತೊಳೆದು ಬರುವವರೆಗೆ ರೋಗಿ ಬಾಯಿ ತೆರೆದು ಕಾಯಬೇಕು. ಚಿತ್ರ ಕೆಟ್ಟಿದ್ದರೆ ಮತ್ತೆ ಮೊದಲಿನಿಂದ.

ಇದರ ಪರಿಹಾರ ಬೇರೆಯೇ ದಿಕ್ಕಿನಿಂದ ಬಂತು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬಿಬ್ಬರು, ನೆನಪಿನ ಉಪಕರಣವೊಂದನ್ನು ಕುರಿತು ಆಲೋಚಿಸುತ್ತ, ಸಿಲಿಕಾನ್ ತುಂಡಿನ ಮೇಲೆ ವಿದ್ಯುತ್ಕಣಗಳ ಗುಂಪನ್ನು ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಗಿಸುವ ವಿಧಾನವನ್ನು ಕಂಡುಹಿಡಿದರು. ಅದು ಬೆಳಕನ್ನು ಹಿಡಿಯಲೂ ಸೊಗಸಾಗಿ ಒದಗಿತು. ಖಗೋಳಶಾಸ್ತ್ರಜ್ಞರು ಅದನ್ನು ದೂರದರ್ಶಕಗಳಿಗೆ ಜೋಡಿಸಿಕೊಂಡರು. 2009ರಲ್ಲಿ ಅವರಿಬ್ಬರಿಗೆ ನೊಬೆಲ್ ಪಾರಿತೋಷಕ ಬಂತು. ನಕ್ಷತ್ರ ನೋಡುವ ಸಾಧನವನ್ನು ಬಾಯೊಳಗೆ ಇಡಬಹುದೆಂದು ಸಾಧಿಸಿ ತೋರಿಸಿದವರು ಫ್ರಾನ್ಸಿನ ತುಲೂಸ್ ನಗರದ ದಂತವೈದ್ಯ ಫ್ರಾನ್ಸಿಸ್ ಮುಯೆನ್. 1987ರಲ್ಲಿ ಅವರ ಯಂತ್ರ ‘ರೇಡಿಯೋವಿಸಿಯೋಗ್ರಫಿ’ ಎಂಬ ಹೆಸರಿನಲ್ಲಿ ಹೊರಬಂತು. ನಮ್ಮ ಊರುಗಳ ದಂತವೈದ್ಯರು ಇಂದು ಯಾವ ಕಂಪನಿಯ ಯಂತ್ರವಾದರೂ ‘ಆರ್‌ವಿಜಿ ತೆಗೆಯೋಣ’ ಎನ್ನುತ್ತಾರಲ್ಲ, ಆ ಮೂರು ಅಕ್ಷರಗಳು ಆ ಹೆಸರಿನ ಸಂಕ್ಷೇಪ.

ಬಿಲ್ಲೆಯೊಳಗೆ ನಡೆಯುವುದಾದರೂ ಏನು? ಅದರ ಮೇಲ್ಪದರದಲ್ಲಿ ಸೀಸಿಯಂ ಅಯೋಡೈಡ್‌ನಂಥ ವಸ್ತುವಿನ ಲೇಪವಿದೆ. ಕ್ಷ-ಕಿರಣ ತಾಗಿದಲ್ಲಿ ಅದು ಮಿನುಗುತ್ತದೆ; ರಾಂಟ್‌ಜೆನ್ ಮೊದಲು ಕಂಡದ್ದೂ ಇಂಥ ಮಿನುಗನ್ನೇ. ಕೆಳಗೆ ಸಿಲಿಕಾನಿನ ಹಾಳೆ. ಅದರಲ್ಲಿ ಸಾಲುಸಾಲಾಗಿ ಲಕ್ಷಗಟ್ಟಲೆ ಮನೆಗಳು, ಒಂದೊಂದೂ ಮಿಲಿಮೀಟರಿನ ಐವತ್ತನೆಯ ಒಂದು ಭಾಗದ ಆಸುಪಾಸು. ಮಿನುಗಿನ ಬೆಳಕು ಬಿದ್ದ ಮನೆಯಲ್ಲಿ ವಿದ್ಯುತ್ಕಣಗಳು ಕೂಡಿಕೊಳ್ಳುತ್ತವೆ. ಹೆಚ್ಚು ಬೆಳಕಿಗೆ ಹೆಚ್ಚು, ಕಡಿಮೆಗೆ ಕಡಿಮೆ. ಕಿರಣ ನಿಂತ ಮೇಲೆ ಅಳತೆ ಶುರುವಾಗುತ್ತದೆ. ಹಳ್ಳಿಯ ಕಣದಲ್ಲಿ ರಾಶಿಯ ಮುಂದೆ ಕುಳಿತವನು ‘ಲಾಭ, ಎರಡು, ಮೂರು’ ಎಂದು ಕೊಳಗದ ಲೆಕ್ಕ ಹಿಡಿಯುವಂತೆ, ಪ್ರತಿಯೊಂದು ಮನೆಯ ದಾಸ್ತಾನನ್ನೂ ಸರದಿಯ ಮೇಲೆ ಅಳೆದು ಒಂದು ಸಂಖ್ಯೆ ಬರೆದುಕೊಳ್ಳಲಾಗುತ್ತದೆ. ಹಲ್ಲಿನ ಚಿತ್ರವೆಂಬುದು ಈಗ ಸಂಖ್ಯೆಗಳ ಒಂದು ದೊಡ್ಡ ಕೋಷ್ಟಕ. ಗಣಕಯಂತ್ರ ಚಿಕ್ಕ ಸಂಖ್ಯೆಗೆ ಬಿಳಿ, ದೊಡ್ಡದಕ್ಕೆ ಕಪ್ಪು, ನಡುವಿನವಕ್ಕೆ ಬೂದುಬಣ್ಣದ ನಾನಾ ಛಾಯೆ ಎಂದು ಹಳೆಯ ಫಿಲ್ಮಿನ ಸಂಪ್ರದಾಯವನ್ನೇ ಪಾಲಿಸಿ ಪರದೆಗೆ ಬಳಿಯುತ್ತದೆ. ತಂತಿಯ ಬಿಲ್ಲೆಯಲ್ಲದೆ, ಕಿರಣದ ಶಕ್ತಿಯನ್ನು ಹಿಡಿದಿಟ್ಟುಕೊಂಡು ಅನಂತರ ಲೇಸರ್ ಬೆಳಕು ತಾಗಿದಾಗ ಬಿಟ್ಟುಕೊಡುವ ತೆಳ್ಳನೆಯ ಹಾಳೆಗಳೂ ಇವೆ. ವಾಕರಿಕೆ ಬರುವ ರೋಗಿಗಳಿಗೆ ಅವೇ ಹಿತ.

ಸಂಖ್ಯೆಯಾದದ್ದರಿಂದ ಲಾಭವೇನು? ಮಸುಕಾದುದನ್ನು ಬೆಳಗಿಸಬಹುದು, ಹಿಗ್ಗಿಸಬಹುದು, ಬೇರಿನ ಉದ್ದವನ್ನು ಪರದೆಯ ಮೇಲೆಯೇ ಅಳೆಯಬಹುದು, ಕಳೆದ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ಎಲುಬು ಎಷ್ಟು ಸವೆದಿದೆ ಎಂದು ಹೋಲಿಸಬಹುದು. ಎಲ್ಲಕ್ಕಿಂತ ಮಿಗಿಲಾಗಿ ಕಿರಣ ಸ್ವಲ್ಪ ಸಾಕು, ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು. ಅಂಥ ಒಂದು ಚಿತ್ರದಿಂದ ದೇಹಕ್ಕೆ ತಗಲುವುದು ಕೆಲವೇ ಮೈಕ್ರೋಸೀವರ್ಟ್. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆ ತಾನಾಗಿ ದಿನವೊಂದಕ್ಕೆ ಬರುವ ವಿಕಿರಣವೂ ಹೆಚ್ಚುಕಡಿಮೆ ಅಷ್ಟೇ. 2024ರಲ್ಲಿ ಅಮೆರಿಕದ ದಂತವೈದ್ಯ ಸಂಘ, ಹಲ್ಲಿನ ಚಿತ್ರಕ್ಕೆ ರೋಗಿಯ ಮೈಮೇಲೆ ಸೀಸದ ಹೊದಿಕೆ ಇನ್ನು ಬೇಕಿಲ್ಲವೆಂದು ಸಲಹೆ ಕೊಟ್ಟಿತು. ರಾಲಿನ್ಸ್ ಬದುಕಿದ್ದರೆ ಒಪ್ಪುತ್ತಿದ್ದರೋ ಏನೋ. ಅವರು ಕೇಳಿದ ಕವಚ ಈಗ ಯಂತ್ರದೊಳಗೇ ಸೇರಿಕೊಂಡಿದೆ.

ಹೊಗಳಿಕೆ ಇಷ್ಟಕ್ಕೆ ಸಾಕು. ಮೊದಮೊದಲ ಬಿಲ್ಲೆಗಳು ದಪ್ಪ, ಅವುಗಳ ನೋಟದ ಹರಹು ಕಿರಿದು, ನಯದಲ್ಲಿ ಫಿಲ್ಮಿಗೆ ಸಾಟಿಯಲ್ಲ. ಇಂದೂ, ಮೂಲದಲ್ಲಿ ದಾಖಲಾಗದ್ದನ್ನು ಯಾವ ಬೆಳಗಿಸುವಿಕೆಯೂ ತಂದುಕೊಡಲಾರದು. ಹುಳುಕಿನ ಆರಂಭದ ದೆಸೆ ಸಂಖ್ಯೆಯಲ್ಲಿಯೂ ಕಾಣುವುದಿಲ್ಲ. ಚಿತ್ರ ತೆಗೆಯುವುದು ಸುಲಭವಾದಾಗ ಅನಗತ್ಯವಾಗಿ ತೆಗೆಯುವ ಚಪಲವೂ ಹುಟ್ಟುತ್ತದೆ; ಒಂದೊಂದರಲ್ಲಿ ಉಳಿಸಿದ ಕಿರಣವನ್ನು ನಾಲ್ಕು ಬಾರಿ ತೆಗೆದು ಖರ್ಚು ಮಾಡಿದರೆ ಮುಯೆನ್ ಅವರ ಶ್ರಮಕ್ಕೆ ಅರ್ಥವೇನು? ನನ್ನ ವೈದ್ಯರು ಒಂದು ಚಿತ್ರ ತೆಗೆದು, ಹಳೆಯದನ್ನು ತಂದಿದ್ದೀರಾ ಎಂದು ಕೇಳಿದರು. ಮನೆಯ ಪೆಟ್ಟಿಗೆಯಲ್ಲಿ ಆ ಮೂವತ್ತು ವರ್ಷದ ಫಿಲ್ಮು ಲಕೋಟೆಯೊಳಗೆ ಇನ್ನೂ ಇತ್ತು. ಮರುದಿನ ಒಯ್ದುಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಸ ಚಿತ್ರವನ್ನು ನನ್ನ ಮಗಳ ಮೊಬೈಲಿಗೆ ಕಳುಹಿಸಿದ್ದಾರೆ. ಅದನ್ನು ಎಲ್ಲಿ ಜೋಪಾನವಾಗಿಡಬೇಕೆಂದು ನಾವಿಬ್ಬರೂ ಇನ್ನೂ ತೀರ್ಮಾನಿಸಿಲ್ಲ.