ಒದ್ದೆ ಬಟ್ಟೆಯಲ್ಲಿ ಒರೆಸಿದ ಲೆಕ್ಕ

ನಮ್ಮ ಮನೆಯ ದಾಖಲೆಗಳನ್ನು ಹಾಳು ಮಾಡಿದವನು ನಾನೇ. ಗೆದ್ದಲೂ ಅಲ್ಲ, ಮಳೆಯೂ ಅಲ್ಲ.

ಆಗ ನನಗೆ ಐದೋ ಆರೋ ವರ್ಷ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಹಳೇ ಮನೆಯ ಅಟ್ಟದ ಮೇಲೆ ಒಂದು ಗೋಣಿಚೀಲದ ತುಂಬ ಕರಿ ಬಟ್ಟೆಯ ಮಡಿಕೆಗಳಿದ್ದವು. ಬಿಡಿಸಿದರೆ ಬೀಸಣಿಗೆಯ ಹಾಗೆ ತೆರೆದುಕೊಳ್ಳುತ್ತಿದ್ದವು. ಮೈತುಂಬ ಬಿಳಿ ಮೋಡಿ ಅಕ್ಷರ, ಹಳೇ ಕಾಲದ ಕೂಡುಬರಹ. ನನ್ನ ಸ್ಲೇಟು ಒಡೆದಿತ್ತು. ಹೊಸದು ಬೇಕು ಅಂತ ಹಟ ಹಿಡಿದಾಗ ಅಜ್ಜಿ ಒಂದು ಮಡಿಕೆ ತೆಗೆದುಕೊಟ್ಟು, "ಮಳೆ ಬರ್ಲಿ, ಕೊಡಿಸ್ತೀನಿ. ಅಲ್ಲೀತನಕ ಇದ್ರಾಗೇ ತಿದ್ದು ಮಗಾ" ಅಂದರು. ಒದ್ದೆ ಬಟ್ಟೆ ಎಳೆದರೆ ಸಾಕು, ಹಳೆಯದು ಹೋಗಿ ಕರೀ ಹಲಗೆ ಸಿದ್ಧ. ಆ ಬೇಸಿಗೆಯಲ್ಲಿ ನಾನು ಅ ಆ ಇ ಈ ಕಲಿತೆ. ಮಳೆ ತಡವಾಗಿ ಬಂತು. ನಮ್ಮ ಕಡೆ ಯಾವತ್ತೂ ಹಾಗೇ.

ಅವು ಕಡತಗಳು. ಈಗ ಕಡತ ಅಂದರೆ ಕೆಂಪು ದಾರ ಕಟ್ಟಿದ ಕಚೇರಿ ಫೈಲು. ಶಾನುಭೋಗರ ಕಾಲದ ಕಡತವೇ ಬೇರೆ. ನೂಲಿನ ಬಟ್ಟೆಗೆ ಹುಣಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಮಡಿಕೆ ಹಾಕಿ, ಬಳಪದಲ್ಲಿ ಬರೆಯುತ್ತಿದ್ದರು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಮೈಸೂರಿನ ಇತಿಹಾಸದಲ್ಲಿ ಇದನ್ನು ವಿವರಿಸಿದ್ದಾನೆ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದು ಅನ್ನುವುದನ್ನೂ ಗಮನಿಸಿದ್ದಾನೆ. ನಮ್ಮೂರು ರೇಷ್ಮೆ ಸೀರೆಯ ಊರು. ಪಕ್ಕದ ಮನೆಯ ಮಗ್ಗದವರೊಬ್ಬರು ಒಮ್ಮೆ ಆ ಬಟ್ಟೆ ಮುಟ್ಟಿ ನೋಡಿ, "ಗಂಜಿ ಭಲೇ ಹಾಕವ್ರೆ ಸ್ವಾಮಿ" ಅಂದಿದ್ದರು. ಬಟ್ಟೆಯ ಬಗ್ಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಹೊಸಕೋಟೆಯಲ್ಲಿ ಸಿಗುವುದಿಲ್ಲ.

ಮುತ್ತಾತ, ತಾತ, ಅಪ್ಪ ಮೂವರೂ ಶಾನುಭೋಗಿಕೆ ಮಾಡಿದವರು. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಗೆ ಬಂದ ಮೇಲೆ ಅಪ್ಪನ ಕೆಲಸ ಹೋಯಿತು. ಮುಂದೆ ನಾನು ಗ್ರಾಮಲೆಕ್ಕಿಗನಾಗಿ ಸೇರಿ, ಅದೇ ಕೆಲಸವನ್ನು ಸಂಬಳಕ್ಕೆ ಮಾಡಿ ನಿವೃತ್ತನಾದೆ. ಆಮೇಲೆ ಹತ್ತಿಕೊಂಡದ್ದು ಈ ಹುಚ್ಚು: ಒರೆಸಿಹೋದದ್ದರಲ್ಲಿ ಏನಿತ್ತು? ನಮ್ಮವರು ಬರೆದದ್ದು ಸಿಗದೆ ಇದ್ದಾಗ, ಬೇರೆಯವರು ನಮ್ಮನ್ನು ಕುರಿತು ಬರೆದದ್ದನ್ನು ಹುಡುಕುತ್ತಾ ಹೋದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದದ್ದೇ ತಡ, ಕುಂಪಣಿಯವರು ಮೈಸೂರು ಸೀಮೆಯನ್ನು ಅಳೆಯಲು, ಕೇಳಲು, ಬರೆದುಕೊಳ್ಳಲು ಶುರುಮಾಡಿದರು. ಮದ್ರಾಸಿನಿಂದ 1800ರ ಏಪ್ರಿಲ್‌ನಲ್ಲಿ ಹೊರಟ ಫ್ರಾನ್ಸಿಸ್ ಬುಕಾನನ್ ವೈದ್ಯ, ಸಸ್ಯಶಾಸ್ತ್ರಜ್ಞ. ಶಿರಾ, ಮಧುಗಿರಿ ಕಡೆಗೂ ಬಂದ. ಅವನ ಪ್ರವಾಸದ ಮೂರು ಸಂಪುಟ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದವು. ಓದುತ್ತಾ ಹೋದರೆ ಹೊಟ್ಟೆಕಿಚ್ಚಾಗುತ್ತದೆ. ಬಿತ್ತನೆ, ದನ, ಕುರಿ, ತೆರಿಗೆ, ತೂಕ, ಅಳತೆ ಯಾವುದನ್ನೂ ಬಿಟ್ಟಿಲ್ಲ. ಒಬ್ಬ ಒಳ್ಳೆಯ ಶಾನುಭೋಗ ಕೇಳುವುದನ್ನೆಲ್ಲ ಕೇಳಿದ್ದಾನೆ.

ಅವನ ಬರಹದಲ್ಲಿ ನಾನು ಮತ್ತೆ ಮತ್ತೆ ತಿರುಗಿ ನೋಡುವುದು ಉಕ್ಕಿನ ಭಾಗವನ್ನು. ಮಧುಗಿರಿ, ಚನ್ನರಾಯನದುರ್ಗ, ಹಾಗಲವಾಡಿ, ದೇವರಾಯನದುರ್ಗದ ಕಡೆ ಕಬ್ಬಿಣ ಕರಗಿಸುತ್ತಿದ್ದದ್ದು, ಅದರಲ್ಲಿ ಸ್ವಲ್ಪವನ್ನು ಉಕ್ಕು ಮಾಡುತ್ತಿದ್ದದ್ದು ಅಲ್ಲಿದೆ. ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ; ಬಾಯಿ ಮುಚ್ಚಿ ಕುಲುಮೆಗೆ ಇಡುವುದು. ತಂಗಡಿ ಅಂದರೆ ನಮ್ಮ ಬಯಲಲ್ಲಿ ದನವೂ ಮುಟ್ಟದ ಹಳದಿ ಹೂವಿನ ಗಿಡ. ಆ ಕಡ್ಡಿ ಒಳಗೇ ಕರಿಯಾಗಿ, ಅದರ ಇಂಗಾಲ ಕಬ್ಬಿಣದೊಳಗೆ ಸೇರುತ್ತದೆ, ಕಬ್ಬಿಣ ಉಕ್ಕಾಗುತ್ತದೆ. ಪುಸ್ತಕದ ರಸಾಯನಶಾಸ್ತ್ರ ಇಲ್ಲದವರು ಅಳತೆ ತಪ್ಪದೆ ಮಾಡುತ್ತಿದ್ದ ಪ್ರಯೋಗ ಇದು.

ಇಂಥ ಉಕ್ಕನ್ನು ಯೂರೋಪಿನವರು ವೂಟ್ಸ್ ಅಂದರು. ನಮ್ಮ 'ಉಕ್ಕು' ಅವರ ಕಾಗದದಲ್ಲಿ ಹಾಗಾಯಿತು ಅನ್ನುತ್ತಾರೆ. 1820ರ ಸುಮಾರಿಗೆ ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಇದರ ಗುಟ್ಟು ಹುಡುಕಲು ಹೊರಟ. ಅವನೂ ಕಮ್ಮಾರನ ಮಗನೇ. ಅವನ ಪ್ರಯೋಗಗಳ ದಿನಚರಿ ಇವತ್ತಿಗೂ ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಇದೆ. 1930ರ ದಶಕದಲ್ಲಿ ಏಳು ಸಂಪುಟವಾಗಿ ಅಚ್ಚೂ ಆಯಿತು. ಯಾವ ದಿನ ಏನು ಮಾಡಿದ, ಯಾವುದು ಕೈಕೊಟ್ಟಿತು, ಎಲ್ಲ ಇದೆ. ಮಧುಗಿರಿ ಸೀಮೆಯ ಉಕ್ಕಿನವನ ಕೈಕೊಟ್ಟ ಮೂಸೆಗಳ ಲೆಕ್ಕ ಅವನ ತಲೆಯಲ್ಲೇ ಇದ್ದು ಅವನ ಜೊತೆಗೇ ಮಣ್ಣಾಯಿತು. ಉಳಿದದ್ದು ದಾರಿಹೋಕ ವೈದ್ಯನೊಬ್ಬ ಬರೆದುಕೊಂಡ ಕೆಲವು ಪುಟ.

ಮೈಸೂರು ಸೀಮೆಯನ್ನು ಅಳೆಯಲು ಹೊರಟವರಲ್ಲಿ ಇನ್ನೊಬ್ಬ ವಿಲಿಯಂ ಲ್ಯಾಂಬ್ಟನ್. 1800ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ನೆಲವನ್ನು ಸರಪಣಿ ಹಿಡಿದು ಅಳೆದ ಮನುಷ್ಯ. 1802ರಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ, ದಕ್ಷಿಣದ ತುದಿಯಿಂದ ಬಡಗಣಕ್ಕೆ ಒಂದು ರೇಖಾಂಶದ ಗುಂಟ ಭೂಮಿಯನ್ನೇ ಅಳೆದ. ಆ ದಾರಿಯಲ್ಲಿ ನಕ್ಷತ್ರ ನೋಡಿ ಅಕ್ಷಾಂಶ ಗೊತ್ತುಮಾಡಿದ ಕೆಲವೇ ಠಾಣೆಗಳಲ್ಲಿ ನಮ್ಮ ಪಾವಗಡವೂ ಒಂದು. ಅವನ ಪಟ್ಟಿಯಲ್ಲಿ ಅದು 'ಪಾವ್‌ಘರ್'. 1818ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪ್ರಕಟಿಸಿದ ಅವನ ಲೇಖನ ಭೂಮಿಯ ಆಕಾರದ ಲೆಕ್ಕಕ್ಕೆ ಒದಗಿತು. ಬರಗಾಲದ ತಾಲ್ಲೂಕು ಅಂತ ಮಾತ್ರ ಹೆಸರಾದ ಪಾವಗಡ ಭೂಗೋಳದ ಅಳತೆಗೆ ಬಂದಿತ್ತು ಅಂತ ನನಗೆ ತಿಳಿದದ್ದು ನಿವೃತ್ತನಾದ ಮೇಲೆ. ಶಾಲೆಯಲ್ಲಿ ನಮಗೆ ಕನ್ಯಾಕುಮಾರಿಯ ಅಕ್ಷಾಂಶ ಬಾಯಿಪಾಠ ಮಾಡಿಸಿದ್ದರು.

ಕಾಲಿನ್ ಮೆಕೆಂಜಿ ಮಾತ್ರ ಅಳತೆಯ ಜೊತೆಗೆ ಕತೆಯನ್ನೂ ಕೂಡಿಹಾಕಿದ. ಅವನ ಕೈಕೆಳಗಿನ ಕಾವಲಿ ಬೊರಯ್ಯ, ಆಮೇಲೆ ಲಕ್ಷ್ಮಯ್ಯ, ಊರೂರಿನ ಶಾನುಭೋಗರ, ಪೂಜಾರಿಗಳ, ಹಿರಿಯರ ಬಾಯಿಂದ ಕೈಫಿಯತ್ತು, ಅಂದರೆ ಊರಿನ ಪೂರ್ವೋತ್ತರದ ಹೇಳಿಕೆ, ಬರೆಸಿಕೊಂಡರು. ಮೆಕೆಂಜಿ 1821ರಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ. ಆ ಸಂಗ್ರಹ ಹಂಚಿಹೋಗಿ, ದಕ್ಷಿಣದ ಭಾಷೆಗಳದ್ದು ಬಹುಪಾಲು ಮದ್ರಾಸಿನ ಹಸ್ತಪ್ರತಿ ಭಂಡಾರ ಸೇರಿತು. ಕನ್ನಡದವನ್ನು ಎಂ.ಎಂ.ಕಲಬುರ್ಗಿಯವರು ಸಂಪಾದಿಸಿ ಹಂಪಿ ಕನ್ನಡ ವಿಶ್ವವಿದ್ಯಾಲಯದಿಂದ ತಂದರು. ಕುಂಪಣಿಯವರಿಗೆ ಕಂದಾಯದ ಆಸೆಯಿತ್ತು, ನಿಜ. ಆದರೂ ಆಸೆಯಿಂದಲೋ ಕುತೂಹಲದಿಂದಲೋ ಅವರು ಇಟ್ಟುಕೊಂಡರು. ನಾವು ಒರೆಸಿದೆವು.

ಒರೆಸದೆ ಇಟ್ಟುಕೊಂಡ ಕಡೆ ಏನಾಯಿತು ಅನ್ನುವುದಕ್ಕೆ ಶೃಂಗೇರಿಯೇ ಇದೆ. 1916ರಲ್ಲಿ ಪುರಾತತ್ವ ಇಲಾಖೆಯ ಆರ್.ನರಸಿಂಹಾಚಾರ್ಯರಿಗೆ ಟಿಪ್ಪು ಸುಲ್ತಾನ ಮಠಕ್ಕೆ ಬರೆಸಿದ ಕನ್ನಡ ಪತ್ರಗಳು ಅಲ್ಲಿ ಸಿಕ್ಕವು. ಮಠದ ಕಡತಗಳೂ ಉಳಿದಿವೆ. ಗಂಜಿ ಅದೇ, ಬಳಪ ಅದೇ. ಅಲ್ಲಿ ಮೊಮ್ಮಕ್ಕಳ ಸ್ಲೇಟು ಒಡೆದಿರಲಿಲ್ಲ, ಅಷ್ಟೇ.

ಈಗ ವಿಜ್ಞಾನಿಗಳೂ ಎಚ್ಚೆತ್ತಿದ್ದಾರೆ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಸಿಬಿಎಸ್‌ನಲ್ಲಿ 2019ರಲ್ಲಿ ಸಮಕಾಲೀನ ವಿಜ್ಞಾನದ ಇತಿಹಾಸಕ್ಕೆಂದೇ ದಾಖಲಾಗಾರ ತೆರೆಯಿತು. ಆ ಸಂಸ್ಥೆ ಕಟ್ಟಿದ ಒಬೈದ್ ಸಿದ್ದಿಕಿಯವರ ಕಾಗದಪತ್ರ ಅಲ್ಲಿವೆ. ಪತ್ರ, ಟಿಪ್ಪಣಿ, ಫೋಟೋಗಳ ಜೊತೆಗೆ ವಿಜ್ಞಾನಿಗಳ ಬಾಯಿಮಾತನ್ನೂ ಧ್ವನಿಮುದ್ರಿಸಿ ಇಡುತ್ತಾರೆ. ಬೊರಯ್ಯನ ಕೆಲಸವೇ, ಯಂತ್ರ ಹೊಸದು.

ನಮ್ಮ ತಾಲ್ಲೂಕಿನಲ್ಲೂ ಈ ಕೆಲಸಕ್ಕೆ ಆತುರವಿದೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಎದ್ದಿದೆ. ಜಮೀನು ರೈತರದ್ದೇ, ಗುತ್ತಿಗೆಗೆ ಕೊಟ್ಟದ್ದು. ಪಹಣಿಯಲ್ಲಿ ಸರ್ವೆ ನಂಬರು ಭದ್ರವಾಗಿದೆ. ಆದರೆ ಹುಣಸೆಮರದ ಹೊಲ, ಉಪ್ಪುನೀರ ಬಾವಿ ಹೊಲ ಅಂತ ಕರೆಯುತ್ತಿದ್ದದ್ದಕ್ಕೆ ಪಹಣಿಯಲ್ಲಿ ಕಾಲಂ ಇಲ್ಲ. ನಾನೇ ಎಷ್ಟೋ ವರ್ಷ ಪಹಣಿ ಬರೆದವನು, ನನಗೆ ಗೊತ್ತು. ಯಾವ ಬಾವಿ ಉಪ್ಪು, ಯಾವುದು ಸಿಹಿ ಅನ್ನುವುದು ಫ್ಲೋರೈಡ್ ನೀರು ಕುಡಿದು ಹಲ್ಲು, ಮೂಳೆ ಕೆಡಿಸಿಕೊಂಡ ನಮ್ಮ ತಾಲ್ಲೂಕಿಗೆ ಕತೆಯಲ್ಲ, ವಿಜ್ಞಾನ.

ಇದನ್ನು ಹೇಳಲು ನನಗೆ ಕಾರಣವಿದೆ. ಗೋಣಿಚೀಲದಲ್ಲಿ ಇದ್ದದ್ದರಲ್ಲಿ ಒಂದೇ ಒಂದು ಕಡತ ಉಳಿದಿದೆ. ಮೋಡಿ ಬಲ್ಲ ಹಿರಿಯರೊಬ್ಬರನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಭೂತಗನ್ನಡಿ ಹಿಡಿದು ಓದಿಸಿದೆ. ತಲೆಯಲ್ಲಿ ಈಶ್ವರನಾಮ ಸಂವತ್ಸರ ಅಂತಿದೆ. ಹಾಗಂದರೆ 1877–78, ಮೈಸೂರು ಸೀಮೆಯ ಐದನೇ ಒಂದು ಪಾಲು ಜನರನ್ನು ತಿಂದ ಬರದ ಎರಡನೇ ವರ್ಷ. ಕೆಳಗೆ ಬಾವಿಗಳ ಪಟ್ಟಿ, ಒಂದೊಂದರ ಎದುರಿಗೆ ಎಷ್ಟು ಮಟ್ಟು ನೀರಿದೆ ಅನ್ನುವುದು. ಹನ್ನೊಂದು ಬಾವಿಯತನಕ ಓದಿದರು. "ಮುಂದಕ್ಕೆ ಇಲ್ವಲ್ಲ ಸಾಮೀ, ಯಾರೋ ಒರೆಸವ್ರೆ" ಅಂದರು.

ಹನ್ನೆರಡನೇ ಬಾವಿ ಇರಬೇಕಾದ ಕಡೆ ದಪ್ಪ ಅಕ್ಷರದಲ್ಲಿ ಅ ಆ ಇ ಈ ಇದೆ. 'ಈ' ಅನ್ನುವ ಅಕ್ಷರ ತಿರುವುಮುರುವಾಗಿದೆ.

ಅದನ್ನು ಫೋಟೋ ತೆಗೆಸಿ, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ಇಟ್ಟಿದ್ದೇನೆ. ರಾಜ್ಯ ಪತ್ರಾಗಾರಕ್ಕೆ ಕೊಡುವ ಯೋಚನೆ ಇದೆ. ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಳೇ ಮನೆಯವರಲ್ಲಿ ಒಂದು ಬೇಡಿಕೆ. ಅಟ್ಟದಲ್ಲಿ ಕರಿ ಬಟ್ಟೆಯ ಮಡಿಕೆ ಸಿಕ್ಕರೆ ಧೂಳು ಹೊಡೆಯಲು ಹೋಗಬೇಡಿ. ಇದ್ದ ಹಾಗೇ ಫೋಟೋ ತೆಗೆಯಿರಿ. ಒದ್ದೆ ಬಟ್ಟೆ ಮಾತ್ರ ಮುಟ್ಟಿಸಬೇಡಿ.