ರೈಲು ಹೋಯಿತು, ಕುದುರೆ ಉಳಿಯಿತು

ಅಮೆರಿಕದ ವರ್ಜೀನಿಯಾದ ಗ್ರೀನ್ ಕೋವ್ ಎಂಬ ಪುಟ್ಟ ನಿಲ್ದಾಣದಲ್ಲಿ 1956ರಲ್ಲಿ ಓ. ವಿನ್‌ಸ್ಟನ್ ಲಿಂಕ್ ತೆಗೆದ ಒಂದು ಕಪ್ಪುಬಿಳುಪು ಫೋಟೊ ನನ್ನನ್ನು ಅಲ್ಲಿನ ರೈಲುದಾರಿಯ ಚರಿತ್ರೆಗೆ ಎಳೆಯಿತು. ಉಗಿಬಂಡಿ ಬರುತ್ತಿದೆ, ಗಾಡಿಗೆ ಕಟ್ಟಿದ ಮಾಡ್ ಎಂಬ ಬಿಳಿ ಕುದುರೆ ತಲೆ ತಗ್ಗಿಸಿ ನಿಂತಿದೆ. ಹೊಸ ಕಾಲಕ್ಕೆ ಹಳೆಯದು ಶರಣಾಯಿತೆಂದು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆದದ್ದು ಬೇರೆ. ಬೆಟ್ಟದ ಮರದ ದಿಮ್ಮಿ ಸಾಗಿಸಿ ಬೆಳೆದ ಈ ಮಾರ್ಗದಲ್ಲಿ ಕಾಡು ಬರಿದಾದಂತೆ ಸರಕೂ ಕಡಿಮೆಯಾಯಿತು. 1977ರ ಮಾರ್ಚ್‌ನಲ್ಲಿ ಕೊನೆಯ ರೈಲು ಓಡಿತು, ಹಳಿ ಕಿತ್ತರು. ಅಬಿಂಗ್‌ಡನ್‌ನಿಂದ ವೈಟ್‌ಟಾಪ್ ಆಚೆಯವರೆಗಿನ ಸುಮಾರು 55 ಕಿಲೋಮೀಟರ್ ಹಾದಿ 1980ರ ದಶಕದಲ್ಲಿ ವರ್ಜೀನಿಯಾ ಕ್ರೀಪರ್ ಟ್ರೇಲ್ ಆಯಿತು. ನಡೆಯುವವರು, ಸೈಕಲ್ಲಿನವರು, ಕುದುರೆ ಸವಾರರು ಎಲ್ಲರಿಗೂ ಅದು ತೆರೆದಿತ್ತು. ರೈಲಿಗಾಗಿ ಹದವಾಗಿ ಕಡಿದ ಏರು ಕುದುರೆಗೂ ಒಗ್ಗಿತು. ಇದಕ್ಕಿಂತ ಒಳ್ಳೆಯ ನ್ಯಾಯ ನನಗೆ ತೋಚದು.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತದ ನೆರೆ ಈ ಹಾದಿಯಲ್ಲಿ ಡಮಾಸ್ಕಸ್ ಊರಿನಿಂದ ಮೇಲಿನ ಭಾಗವನ್ನೂ ಅಲ್ಲಿನ ಹಲವು ಸೇತುವೆಗಳನ್ನೂ ಕೊಚ್ಚಿಹಾಕಿತು. ಅದನ್ನು ಮತ್ತೆ ಕಟ್ಟಲೇಬೇಕು, ಕುದುರೆಗೂ ಜಾಗವಿಟ್ಟೇ ಕಟ್ಟಬೇಕು. ನೀವು ಇಂಥ ದಾರಿಯಲ್ಲಿ ಸೈಕಲ್ ತುಳಿದರೆ ಕುದುರೆಯ ಹಿಂದಿನಿಂದ ಸದ್ದಿಲ್ಲದೆ ನುಗ್ಗಬೇಡಿ. ದೂರದಿಂದಲೇ ಸವಾರರಿಗೆ ಕೂಗಿ ಹೇಳಿ, ನಿಧಾನವಾಗಿ ದಾಟಿ.