ಗುರಿ ಸಿಕ್ಕಿತು, ರೋಗ ನಿಲ್ಲಲಿಲ್ಲ

ನಮ್ಮ ಕಚೇರಿಯಲ್ಲಿ ‘ಟಾರ್ಗೆಟ್’ ಎಂದರೆ ಮೂರು ತಿಂಗಳಿಗೊಮ್ಮೆ ಮುಟ್ಟಬೇಕಾದ ಒಂದು ಸಂಖ್ಯೆ. ಕ್ಯಾನ್ಸರ್ ವೈದ್ಯರ ಬಾಯಲ್ಲಿ ಅದೇ ಪದಕ್ಕೆ ಅರ್ಥ ಬೇರೆ. ಗಡ್ಡೆಯ ಜೀವಕೋಶ ಬೆಳೆಯಲು ಯಾವ ಅಣುವನ್ನು ನೆಚ್ಚಿಕೊಂಡಿದೆಯೋ ಆ ಅಣುವೇ ಟಾರ್ಗೆಟ್. ಅದನ್ನು ಹಿಡಿದು ನಿಲ್ಲಿಸುವ ಔಷಧಿಗೆ ಟಾರ್ಗೆಟೆಡ್ ಥೆರಪಿ ಎಂದು ಹೆಸರು.

ಕೆಲವು ವರ್ಷಗಳ ಹಿಂದೆ ಇಲ್ಲಿ ಪುಣೆಯಲ್ಲಿ, ನನ್ನ ತಂಡದಲ್ಲಿದ್ದ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ತನ್ನ ತಂದೆಯ ಬಯಾಪ್ಸಿ ವರದಿ ತೋರಿಸಿದ. ಮೆದುಳಿನ ಗಡ್ಡೆ, ಗ್ಲಿಯೋಬ್ಲಾಸ್ಟೋಮಾ. ಕೆಳಗೆ ಮೂರು ಸಾಲುಗಳಿದ್ದವು: ಇಜಿಎಫ್‌ಆರ್ ಜೀನಿನ ಪ್ರತಿಗಳು ಹೆಚ್ಚಿವೆ, ಎಂಜಿಎಂಟಿ ಮೆಥಿಲೇಶನ್ ಇಲ್ಲ, ಐಡಿಎಚ್ ಮ್ಯುಟೇಶನ್ ಇಲ್ಲ. “ಇಜಿಎಫ್‌ಆರ್‌ಗೆ ಮಾತ್ರೆ ಇದೆ ಸರ್, ಡಾಕ್ಟರು ಯಾಕೆ ಕೊಡ್ತಿಲ್ಲ?” ಎಂದು ಕೇಳಿದ. ನಾನು ವೈದ್ಯನಲ್ಲ. ಆದರೆ ಪ್ರಶ್ನೆ ನ್ಯಾಯವಾಗಿತ್ತು. ಆವತ್ತಿನಿಂದ ಸಿಕ್ಕಿದ್ದೆಲ್ಲ ಓದುತ್ತ ಹೋದಂತೆ ತಿಳಿದದ್ದು, ಆ ಮೂರು ಸಾಲುಗಳ ಹಿಂದೆ ಸುಮಾರು ನೂರು ವರ್ಷಗಳ ಚರಿತ್ರೆ ಇದೆ ಎಂದು.

1926ರಲ್ಲಿ ಅಮೆರಿಕದ ಪರ್ಸಿವಲ್ ಬೇಯ್ಲಿ ಮತ್ತು ಹಾರ್ವಿ ಕುಶಿಂಗ್ ಮೆದುಳಿನ ಗ್ಲಿಯೋಮಾ ಗಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ಕಂಡ ಜೀವಕೋಶಗಳ ಆಧಾರದ ಮೇಲೆ ವಿಂಗಡಿಸಿದರು. ಎರಡು ವರ್ಷಗಳ ನಂತರ ಬಾಲ್ಟಿಮೋರಿನ ಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ, ಗಡ್ಡೆಯ ಜೊತೆಗೆ ಮೆದುಳಿನ ಬಲ ಅರ್ಧವನ್ನೇ ತೆಗೆದ ಶಸ್ತ್ರಕ್ರಿಯೆಗಳನ್ನು ವರದಿ ಮಾಡಿದ. ಅಷ್ಟು ಮಾಡಿದರೂ ರೋಗ ಮರಳಿತು. ಕಣ್ಣಿಗೆ ಕಾಣುವ ಗಡ್ಡೆಯ ಅಂಚನ್ನು ದಾಟಿ ಜೀವಕೋಶಗಳು ಆಗಲೇ ದೂರ ಹರಿದುಹೋಗಿರುತ್ತಿದ್ದವು. ಚಾಕು ಹೋಗಲಾರದ ಕಡೆ ಔಷಧಿಯೇ ಹೋಗಬೇಕಿತ್ತು.

ರೋಗವನ್ನು ಮಾತ್ರ ಹುಡುಕಿ ಹೊಡೆಯುವ ಔಷಧಿಯ ಕನಸು ಅದಕ್ಕಿಂತ ಹಳೆಯದು. ಜರ್ಮನಿಯ ಪೌಲ್ ಎರ್ಲಿಷ್ ಅದನ್ನು ‘ಮಾಯಾ ಗುಂಡು’ ಎಂದು ಕರೆದಿದ್ದ. 1910ರಲ್ಲಿ ಸಿಫಿಲಿಸ್ ರೋಗಕ್ಕೆ ಬಂದ ಅವನ ಸಾಲ್ವರ್ಸಾನ್ ಅಂಥದ್ದೊಂದು ಗುಂಡು. ಆದರೆ ಸಿಫಿಲಿಸ್ ಹೊರಗಿನಿಂದ ಬಂದ ಜೀವಾಣುವಿನ ಕಾಯಿಲೆ. ಕ್ಯಾನ್ಸರ್ ನಮ್ಮದೇ ಜೀವಕೋಶ. ಗುರಿ ಇಡುವುದು ಎಲ್ಲಿಗೆ?

ಮೊದಲ ಸುಳಿವು ರಕ್ತದ ಕ್ಯಾನ್ಸರಿನಿಂದ ಬಂತು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್, ಸಿಎಂಎಲ್ ಎಂಬ ಲ್ಯುಕೀಮಿಯಾದ ರೋಗಿಗಳಲ್ಲಿ ಒಂದು ಕ್ರೋಮೋಸೋಮ್ ವಿಚಿತ್ರವಾಗಿ ಗಿಡ್ಡವಾಗಿರುವುದನ್ನು ಗಮನಿಸಿದರು. 1973ರಲ್ಲಿ ಶಿಕಾಗೋದ ಜ್ಯಾನೆಟ್ ರೌಲಿ ಕಾರಣ ಕಂಡುಹಿಡಿದರು: 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡಾಗಿ ತಮ್ಮ ತುದಿಗಳನ್ನು ಅದಲುಬದಲು ಮಾಡಿಕೊಂಡಿದ್ದವು. ಆ ಬೆಸುಗೆಯಲ್ಲಿ ಹುಟ್ಟಿದ ಹೊಸ ಪ್ರೋಟೀನು ‘ಬೆಳೆ, ಬೆಳೆ’ ಎಂದು ಸದಾ ಆಜ್ಞೆ ಕೊಡುತ್ತಿತ್ತು. 1998ರಲ್ಲಿ ಬ್ರಯನ್ ಡ್ರುಕರ್ ಅದನ್ನು ತಡೆಯುವ ಇಮ್ಯಾಟಿನಿಬ್ ಮಾತ್ರೆಯನ್ನು ರೋಗಿಗಳಿಗೆ ಕೊಡಲು ಆರಂಭಿಸಿದರು. ಸಾಕಷ್ಟು ಪ್ರಮಾಣದಲ್ಲಿ ಮಾತ್ರೆ ಪಡೆದ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜ ಸ್ಥಿತಿಗೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಮಂಜೂರಾತಿಯೂ ಸಿಕ್ಕಿತು. ಗಿಡ್ಡ ಕ್ರೋಮೋಸೋಮ್ ಕಂಡ ದಿನದಿಂದ ಅಲ್ಲಿಗೆ 41 ವರ್ಷ.

ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಸಿಎಂಎಲ್ ಒಂದೇ ಸರ್ವರ್ ಮೇಲೆ ನಿಂತ ವ್ಯವಸ್ಥೆ. ಅದನ್ನು ಆರಿಸಿದರೆ ಎಲ್ಲವೂ ನಿಲ್ಲುತ್ತದೆ. ಆ ಗೆಲುವನ್ನು ಕಂಡವರು ಪ್ರತಿ ಕ್ಯಾನ್ಸರಿನಲ್ಲೂ ಅಂಥ ಒಂದು ಸ್ವಿಚ್ ಇದ್ದೇ ಇರುತ್ತದೆ ಎಂದು ನಂಬಿದ್ದು ಸಹಜ.

ಮೆದುಳಿನ ಗಡ್ಡೆಯಲ್ಲಂತೂ ಸ್ವಿಚ್ ಆಗಲೇ ಸಿಕ್ಕಂತಿತ್ತು. ವರದಿಯ ಮೊದಲ ಸಾಲಿನ ಇಜಿಎಫ್‌ಆರ್ ಜೀವಕೋಶದ ಗೋಡೆಯ ಮೇಲಿನ ಒಂದು ಆಂಟೆನಾ ಇದ್ದಂತೆ. ಹೊರಗಿನಿಂದ ಬರುವ ಬೆಳವಣಿಗೆಯ ಸಂದೇಶವನ್ನು ಒಳಕ್ಕೆ ದಾಟಿಸುತ್ತದೆ. ಮೆದುಳಿನ ಗಡ್ಡೆಗಳಲ್ಲಿ ಈ ಜೀನಿನ ಪ್ರತಿಗಳು ಹೆಚ್ಚಿರುತ್ತವೆ ಎಂದು 1985ರಲ್ಲೇ ಗೊತ್ತಾಗಿತ್ತು. ಕೆಲವು ಗಡ್ಡೆಗಳಲ್ಲಿ ಆಂಟೆನಾದ ಒಂದು ತುಂಡು ಮುರಿದಿರುತ್ತದೆ, ಸಂದೇಶ ಬಾರದಿದ್ದರೂ ಅದು ಮಿಡಿಯುತ್ತಲೇ ಇರುತ್ತದೆ. ಈ ಮುರಿದ ರೂಪಕ್ಕೆ ವಿ-ತ್ರೀ ಎಂದು ಹೆಸರು. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಇಜಿಎಫ್‌ಆರ್ ತಡೆಯುವ ಜೆಫಿಟಿನಿಬ್, ಎರ್ಲೋಟಿನಿಬ್ ಮಾತ್ರೆಗಳು ಅಚ್ಚರಿ ಹುಟ್ಟಿಸಿದವು. ಮೆದುಳಿನಲ್ಲಿ ಅವು ಸೋತವು.

ಕಾರಣಗಳು ಒಂದೊಂದಾಗಿ ಬಯಲಾದವು. ರಕ್ತದಿಂದ ಮೆದುಳಿಗೆ ಏನು ಹೋಗಬೇಕೆಂದು ತೀರ್ಮಾನಿಸುವ ತಡೆಗೋಡೆ ಬಹಳಷ್ಟು ಔಷಧಿಗಳನ್ನು ಹೊರಗೇ ನಿಲ್ಲಿಸುತ್ತದೆ. ಶ್ವಾಸಕೋಶದಲ್ಲಿ ದೋಷ ಇರುವುದು ಆಂಟೆನಾದ ಒಳಭಾಗದಲ್ಲಿ, ಮೆದುಳಿನಲ್ಲಿ ಹೆಚ್ಚಾಗಿ ಹೊರಭಾಗದಲ್ಲಿ. ಹೀಗಾಗಿ ಅದೇ ಮಾತ್ರೆ ಇಲ್ಲಿ ಅಷ್ಟು ಬಿಗಿಯಾಗಿ ಕೂರುವುದಿಲ್ಲ. 2014ರಲ್ಲಿ ಐದು ಗ್ಲಿಯೋಬ್ಲಾಸ್ಟೋಮಾಗಳ 430 ಜೀವಕೋಶಗಳನ್ನು ಬಿಡಿಬಿಡಿಯಾಗಿ ಓದಿದಾಗ, ಒಂದೇ ಗಡ್ಡೆಯ ನೆರೆಹೊರೆಯ ಕೋಶಗಳೇ ಬೇರೆ ಬೇರೆ ಸ್ವಭಾವದವು ಎಂದು ಕಂಡಿತು. ಅದೇ ವರ್ಷ ಇನ್ನೊಂದು ಅಧ್ಯಯನ ಹೊರಬಂತು. ಎರ್ಲೋಟಿನಿಬ್ ಕೊಟ್ಟಾಗ ಗಡ್ಡೆಯ ಕೋಶಗಳು ವಿ-ತ್ರೀ ಜೀನಿನ ಹೆಚ್ಚುವರಿ ಪ್ರತಿಗಳನ್ನು ಕಳೆದುಕೊಂಡವು, ಔಷಧಿ ನಿಲ್ಲಿಸಿದಾಗ ಮತ್ತೆ ಪಡೆದುಕೊಂಡವು. ಇದು ಒಂದೇ ಸರ್ವರ್ ಅಲ್ಲ. ಪ್ರತಿ ಸರ್ವರಿಗೂ ಬ್ಯಾಕಪ್ ಇರುವ, ಅಪಾಯ ಕಂಡರೆ ತಾನೇ ಸ್ಥಳ ಬದಲಿಸುವ ವ್ಯವಸ್ಥೆ.

ವಿ-ತ್ರೀ ವಿರುದ್ಧ ದೇಹದ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ರಿಂಡೊಪೆಪಿಮಟ್ ಎಂಬ ಲಸಿಕೆಯ ಮೇಲೆ ಬಹಳ ಆಸೆಯಿತ್ತು. ಸಣ್ಣ ಪ್ರಯೋಗಗಳಲ್ಲಿ ಫಲಿತಾಂಶ ಚೆನ್ನಾಗಿತ್ತು. 745 ರೋಗಿಗಳ ದೊಡ್ಡ ಪ್ರಯೋಗವನ್ನು 2016ರಲ್ಲಿ ನಿಲ್ಲಿಸಬೇಕಾಯಿತು. ಲಸಿಕೆ ಪಡೆದವರು, ಪಡೆಯದವರು ಸರಿಸುಮಾರು ಒಂದೇ ಕಾಲ ಬದುಕಿದ್ದರು. ಗಮನಿಸಬೇಕಾದ ಸಂಗತಿಯೆಂದರೆ, ರೋಗ ಮರಳಿದಾಗ ಲಸಿಕೆ ಪಡೆಯದ ಅನೇಕರ ಗಡ್ಡೆಯಲ್ಲೂ ವಿ-ತ್ರೀ ಮಾಯವಾಗಿತ್ತು. ಹೋಲಿಕೆಗೆ ಎರಡನೇ ಗುಂಪು ಇಲ್ಲದಿದ್ದರೆ ಅದನ್ನೇ ಲಸಿಕೆಯ ಗೆಲುವು ಎಂದು ಬರೆದುಕೊಳ್ಳುತ್ತಿದ್ದೆವು.

ಗಡ್ಡೆಗೆ ರಕ್ತ ಒದಗಿಸುವ ನಾಳಗಳನ್ನು ಕಟ್ಟುವ ಬೆವಸಿಜುಮ್ಯಾಬ್ ಕಥೆಯೂ ಹೀಗೆಯೇ. 2009ರಲ್ಲಿ ಅಮೆರಿಕದಲ್ಲಿ ಮರುಕಳಿಸಿದ ಗ್ಲಿಯೋಬ್ಲಾಸ್ಟೋಮಾಗೆ ಅದಕ್ಕೆ ತ್ವರಿತ ಮಂಜೂರಾತಿ ಸಿಕ್ಕಿತು. ಹೊಸದಾಗಿ ರೋಗ ಪತ್ತೆಯಾದವರಿಗೆ ಕೊಟ್ಟು ನೋಡಿದ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ 2014ರಲ್ಲಿ ಬಂತು: ಗಡ್ಡೆ ಮತ್ತೆ ಬೆಳೆಯುವುದು ತಡವಾಗುತ್ತದೆ, ಆಯುಸ್ಸು ಹೆಚ್ಚುವುದಿಲ್ಲ.

ಈ ನಡುವೆ ನಿಜವಾಗಿ ಆಯುಸ್ಸು ಹೆಚ್ಚಿಸಿದ್ದು ಯಾವ ಗುರಿಯನ್ನೂ ಇಟ್ಟುಕೊಳ್ಳದ ಔಷಧಿ. ಬ್ರಿಟನ್ನಿನ ಆಸ್ಟನ್ ವಿಶ್ವವಿದ್ಯಾಲಯದಲ್ಲಿ ಮಾಲ್ಕಂ ಸ್ಟೀವನ್ಸ್ ತಂಡ ರೂಪಿಸಿದ ಟೆಮೊಜೊಲೊಮೈಡ್ ಜೀವಕೋಶದ ಡಿಎನ್‌ಎಯನ್ನು ನೇರವಾಗಿ ಕೆಡಿಸುತ್ತದೆ, ಮೆದುಳಿನ ತಡೆಗೋಡೆಯನ್ನೂ ದಾಟುತ್ತದೆ. 2005ರಲ್ಲಿ ರೋಜರ್ ಸ್ಟಪ್ ತಂಡ ಪ್ರಕಟಿಸಿದ 573 ರೋಗಿಗಳ ಪ್ರಯೋಗದಲ್ಲಿ ವಿಕಿರಣದ ಜೊತೆ ಈ ಮಾತ್ರೆ ಕೊಟ್ಟಾಗ ಮಧ್ಯಮ ಆಯುಸ್ಸು 12.1 ತಿಂಗಳಿಂದ 14.6ಕ್ಕೆ ಏರಿತು. ಎರಡು ವರ್ಷ ದಾಟಿದವರು 10.4 ಪ್ರತಿಶತದಿಂದ 26.5 ಪ್ರತಿಶತಕ್ಕೆ ಏರಿದರು. ವರದಿಯ ಎರಡನೇ ಸಾಲು ಇಲ್ಲಿಗೆ ಸೇರಿದ್ದು. ಎಂಜಿಎಂಟಿ ಎಂಬ ಪ್ರೋಟೀನು ಕೆಟ್ಟ ಡಿಎನ್‌ಎಯನ್ನು ರಿಪೇರಿ ಮಾಡುತ್ತದೆ. ಮೆಥಿಲೇಶನ್ ಆಗಿ ಆ ಜೀನು ಮುಚ್ಚಿಹೋಗಿದ್ದರೆ ರಿಪೇರಿ ನಡೆಯದು, ಮಾತ್ರೆ ಹೆಚ್ಚು ಕೆಲಸ ಮಾಡುತ್ತದೆ. ಮೆಥಿಲೇಶನ್ ಇಲ್ಲದವರಿಗೆ ಲಾಭ ಕಡಿಮೆ.

ಮೂರನೇ ಸಾಲಿನ ಐಡಿಎಚ್ ಯಾರೂ ನಿರೀಕ್ಷಿಸದೆ ಸಿಕ್ಕಿದ್ದು. 2008ರಲ್ಲಿ ಜಾನ್ಸ್ ಹಾಪ್ಕಿನ್ಸ್ ತಂಡವೊಂದು 22 ಗ್ಲಿಯೋಬ್ಲಾಸ್ಟೋಮಾಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜೀನುಗಳನ್ನು ಓದಿತು. ಆಹಾರದಿಂದ ಶಕ್ತಿ ತೆಗೆಯುವ ನಿತ್ಯದ ಕೆಲಸದ ಐಡಿಎಚ್1 ಎಂಬ ಜೀನಿನಲ್ಲಿ, ಮುಖ್ಯವಾಗಿ ಚಿಕ್ಕ ವಯಸ್ಸಿನ ರೋಗಿಗಳಲ್ಲಿ, ಅದೇ ಜಾಗದ ಬದಲಾವಣೆ ಮತ್ತೆ ಮತ್ತೆ ಕಂಡಿತು. ಕೆಟ್ಟ ಐಡಿಎಚ್ ಬೇರೆಯೇ ಒಂದು ರಾಸಾಯನಿಕವನ್ನು ತಯಾರಿಸಿ ಕೋಶದ ದಿಕ್ಕು ತಪ್ಪಿಸುತ್ತದೆ ಎಂದು ಮರುವರ್ಷ ತಿಳಿಯಿತು. ಇಲ್ಲಿ ದೋಷ ಗಡ್ಡೆಯ ಹುಟ್ಟಿನಲ್ಲೇ ಬಂದದ್ದು, ಆದ್ದರಿಂದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುತ್ತದೆ. ಮೆದುಳಿನೊಳಗೆ ಹೋಗುವಂತೆಯೇ ರೂಪಿಸಿದ ವೊರಾಸಿಡೆನಿಬ್ ಮಾತ್ರೆ, 2023ರಲ್ಲಿ ಪ್ರಕಟವಾದ 331 ರೋಗಿಗಳ ಪ್ರಯೋಗದಲ್ಲಿ, ನಿಧಾನವಾಗಿ ಬೆಳೆಯುವ ಎರಡನೇ ದರ್ಜೆಯ ಇಂಥ ಗಡ್ಡೆಗಳು ಮುಂದುವರಿಯದೆ ಇರುವ ಕಾಲವನ್ನು 11.1 ತಿಂಗಳಿಂದ 27.7 ತಿಂಗಳಿಗೆ ಒಯ್ದಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಮಂಜೂರಾಯಿತು. ಆದರೆ 2021ರ ಡಬ್ಲ್ಯುಎಚ್‌ಒ ವರ್ಗೀಕರಣದ ಪ್ರಕಾರ ಐಡಿಎಚ್ ಮ್ಯುಟೇಶನ್ ಇರುವ ಗಡ್ಡೆಗೆ ಗ್ಲಿಯೋಬ್ಲಾಸ್ಟೋಮಾ ಎಂಬ ಹೆಸರೇ ಇಲ್ಲ. ಆ ಹೆಸರು ಉಳಿಸಿಕೊಂಡವರ ಚಿಕಿತ್ಸೆಯ ಬೆನ್ನೆಲುಬು ಇಂದಿಗೂ 2005ರ ಕ್ರಮವೇ.

ವರದಿಯಲ್ಲಿ ಒಂದು ಅಣುವಿನ ಹೆಸರು ಕಂಡರೆ, ಅದಕ್ಕೊಂದು ಮಾತ್ರೆ ಮಾರುಕಟ್ಟೆಯಲ್ಲಿದ್ದರೆ, ಊರಿನ ಹೊಲ ಮಾರಿಯಾದರೂ ತರಿಸೋಣ ಎಂದು ದೂರದೂರಿನಲ್ಲಿರುವ ಮಕ್ಕಳಿಗೆ ಅನಿಸುತ್ತದೆ. ಅಪ್ಪ ಅಮ್ಮನ ಹತ್ತಿರ ಇಲ್ಲದ ನೋವಿಗೆ ದುಡ್ಡಾದರೂ ಖರ್ಚು ಮಾಡೋಣ ಎಂಬ ಮನಸ್ಸು ನಮ್ಮಂಥವರಿಗೆ ಗೊತ್ತಿರುವುದೇ. ಟಾರ್ಗೆಟ್ ಇದೆಯೇ ಎಂಬುದರ ಜೊತೆಗೆ ವೈದ್ಯರಿಗೆ ಇನ್ನೂ ಮೂರು ಪ್ರಶ್ನೆ ಕೇಳಿ. ಈ ಗಡ್ಡೆ ಆ ಅಣುವನ್ನೇ ನೆಚ್ಚಿಕೊಂಡಿದೆಯೇ? ಔಷಧಿ ಮೆದುಳನ್ನು ಮುಟ್ಟುತ್ತದೆಯೇ? ಇದೇ ಗಡ್ಡೆಯ ರೋಗಿಗಳ ಎರಡು ಗುಂಪುಗಳನ್ನು ಹೋಲಿಸಿದ ಪ್ರಯೋಗದಲ್ಲಿ ಔಷಧಿ ಪಡೆದವರು ಹೆಚ್ಚು ಕಾಲ ಬದುಕಿದರೇ? ಮೂರಕ್ಕೂ ‘ಇಲ್ಲ’ ಎನ್ನುವ ವೈದ್ಯರು ಏನನ್ನೋ ಬಚ್ಚಿಡುತ್ತಿದ್ದಾರೆ ಎಂದುಕೊಳ್ಳಬೇಡಿ. ಹೊಸ ಔಷಧಿಯ ಪ್ರಯೋಗ ಎಲ್ಲಾದರೂ ನಡೆಯುತ್ತಿದೆಯೇ, ಅದಕ್ಕೆ ಸೇರಬಹುದೇ ಎಂದು ಅವರನ್ನೇ ಕೇಳಿ. ಇಲ್ಲವಾದರೆ ರಜೆ ಹಾಕಿ ಊರಿಗೆ ಹೋಗಿ.